ಅಮಾಸಿ ದಿನ ಬಂದ್ ಇಟ್ಟ ಪೆಟ್ಟಿಗಿ

ತಂಗಿ ತಲ್ಯಾಗ ಗಂಟು ಮೊದಲಿಂದ ಇದ್ದಿರ್ಲಿ ದೇವ್ರೇ ಅಂತ ಯಾವನಾದ್ರೂ ಅಣ್ಣ ಬೇಡ್ಕೊಂತಾನೇನ್ರಿ? ನಾ ಬೇಡ್ಕೊಂಡೆ.

ಅಕೀನ ಮಸ್ಕಿಗೆ ಕೊಟ್ಟೀವಿ. ಎರಡು ವರ್ಷದ ಹಿಂದ ಗಂಡನ ಗಾಡಿ ಮ್ಯಾಲಿಂದ ಬಿದ್ದಾಗ, ನಾ ಕೆಲಸ ಮಾಡೋ ಸಿಂಧನೂರಿನ ದವಾಖಾನ್ಯಾಗ ತಲಿ ಸ್ಕ್ಯಾನ್ ಮಾಡಿಸಿದ್ವಿ. ಏನೂ ಆಗಿಲ್ಲ ಅಂತ ಕಳಿಸಿದ್ರು. ಮೊನ್ನೆ ತಲಿನೋವು ತಡೀವಲ್ದು ಅಂತ ರಾಯಚೂರಿಗೆ ಕರಕೊಂಡು ಹೋದ್ರ ಬಲಗಿವಿ ಮ್ಯಾಲ ಕಡ್ಲಿಕಾಳಿನಷ್ಟು ಗಂಟು ಕಂಡಿತು.

"ಹಳೇ ಸ್ಕ್ಯಾನ್ ತರ್ರಿ," ಅಂದ್ರು ಡಾಕ್ಟರು. "ಆಗೂ ಇಷ್ಟ ಇದ್ದು ಯಾರ ಕಣ್ಣಿಗೂ ಬಿದ್ದಿದ್ದಿಲ್ಲ ಅಂದ್ರ ಅದು ಸುಮ್ಮನ ಕುಂತ ಗಂಟು, ಅಂಜಬ್ಯಾಡ್ರಿ. ಆಗ ಇದ್ದೇ ಇಲ್ಲ ಅಂದ್ರ ಭಾಳ ಜೋರು ಬೆಳ್ಯಾಕತ್ತೈತಿ ಅಂತ ಅರ್ಥ."

ಹಳೇ ಫಿಲ್ಮು ಎಲ್ಲಿಂದ ತರ್ಲಿ? ಗ್ರಹಣ ನೋಡಾಕ ಅಂತ ಓಣಿ ಮಂದಿ ಇಸ್ಕೊಂಡು ಹೋಗಿದ್ರು, ಯಾರ ಮನ್ಯಾಗ ಹಾಳಾತೋ ಏನೋ. ಉಳಿದದ್ದು ನಮ್ಮ ದವಾಖಾನಿ ಸರ್ವರಿನಾಗಿನ ಚಿತ್ರ ಒಂದ.

ಆ ಸರ್ವರ್ ನೋಡ್ಕೊಳ್ಳೋದ ನನ್ನ ಕೆಲಸ. ಸ್ಕ್ಯಾನ್ ಇಡೋ ಮಷಿನ್ ಕೈಲೆ ಮುಟ್ಟೋ ಮಷಿನ್ ಅಲ್ರಿ, ಸರ್ವರಿನ ಹೊಟ್ಟ್ಯಾಗ ನಡ್ಯೋ ವರ್ಚುವಲ್ ಮಷಿನ್. ಅದರ ಸರಂಜಾಮೆಲ್ಲ ಒಂದು ಸ್ಟೋರೇಜ್ ಪೆಟ್ಟಿಗ್ಯಾಗ ಇರ್ತೈತಿ. ಇಂಥಾದ್ದ ಇನ್ನೊಂದು ಪ್ರತಿ ನಮ್ಮ ಲಿಂಗಸುಗೂರಿನ ದವಾಖಾನ್ಯಾಗ ಇರಬೇಕಂತ ಮಾಲಕರು ಹೇಳಿದ್ರು. ಮೊದಲ ಸಲ ದವಾಖಾನಿ ಕಂಪ್ಯೂಟರೆಲ್ಲ ಕೂಡಿಸೋ ಲ್ಯಾನಿನಾಗ ಕಾಪಿ ಹಚ್ಚಿದೆ ನೋಡ್ರಿ, ಚೀಟಿ ಕೌಂಟರ್ ನಿಂತಿತು, ಔಷಧಿ ಬಿಲ್ ನಿಂತಿತು, ಜ್ವರ ಬಂದ ಮಂದಿ ಸಾಲಿನಾಗ ನಿಂತು ಬೈಯಾಕತ್ರು. ಹಂಗಾಗಿ ಪೂರ್ತಿ ಕಾಪಿ ಡಿಸ್ಕಿನಾಗ ತುಂಬಿ, ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನಾಗ ಒಯ್ದು, ಲಿಂಗಸುಗೂರಿನ ಪೆಟ್ಟಿಗಿಗೆ ಇಳಿಸಿದೆ. ಆಮ್ಯಾಲ ಬದಲಾದ ತುಣುಕಷ್ಟ ಪೆಟ್ಟಿಗಿಯಿಂದ ಪೆಟ್ಟಿಗಿಗೆ ಬ್ಯಾರೆ ಲೈನಿನಾಗ ಹೋಗ್ತಿದ್ವು, ಲ್ಯಾನಿಗೆ ಗೊತ್ತ ಆಗ್ತಿದ್ದಿಲ್ಲ. ನಾ ಭಾಳ ಶಾಣ್ಯಾ ಅಂತ ಮೆರದಾಡಿದ್ದೆ.

ರಾಯಚೂರಿಂದ ಬಂದ ಮರುದಿನ ತಂಗಿ ಸ್ಕ್ಯಾನ್ ತೆಗದ್ರ ಪರದೆ ತುಂಬ ಬರೇ ಬೂದಿ ಬಣ್ಣದ ಪಟ್ಟಿ. ಬ್ಯಾರೆಯವ್ರದು ತೆಗದೆ, ಅದೂ ಹಂಗ. ಅವತ್ತ ಮುಂಜಾನೆ ದವಾಖಾನಿ ಬಾಗ್ಲಾ ತೆಗದು ತಾಸಾದ ಮ್ಯಾಲ ಕರೆಂಟ್ ಹೋಗಿ ಬಂದಿತ್ತಂತ. ಆಗ ಪೆಟ್ಟಿಗಿ ಕೆಟ್ಟು, ಒಳಗಿದ್ದದ್ದನ್ನೆಲ್ಲ ಅಡ್ಡಾದಿಡ್ಡಿ ಬರದುಬಿಟ್ಟಿತ್ತು. ಲಿಂಗಸುಗೂರಿಗೆ ಹೋಗೋ ವಯರ್ ಕಿತ್ತಿ ಒಗದೆ. ಏನ್ ಉಪಯೋಗ? ಕೆಟ್ಟದ್ದೂ ಬದಲಾದ ತುಣುಕ ಅಲ್ಲೇನು? ನಾ ಹಾಕಿದ ದಾರ್ಯಾಗ, ಯಾರಿಗೂ ತ್ರಾಸ ಕೊಡದ, ಆಗ್ಲೇ ಅಲ್ಲಿ ಹೋಗಿ ಚೊಲೋ ಪ್ರತಿ ಮ್ಯಾಲ ಕುಂತಿರ್ತಿತ್ತು. ನನ್ನ ಕೈಯಾರೆ ತಂಗಿಗೆ ಕುಣಿ ತೋಡಿದಂಗಾತು.

ಜೀವ ತಡೀಲಾರದ ಲಿಂಗಸುಗೂರಿಗೆ ಫೋನ್ ಹಚ್ಚಿದೆ. ಅಲ್ಲಿ ರೊಕ್ಕದ ಕೌಂಟರಿನಾಗ ವಯಸ್ಸಾದ ಕಾಕಾ ಒಬ್ರು ಕುಂದರ್ತಾರ.

"ಕಾಕಾ, ಪೆಟ್ಟಿಗಿ ದೀಪ ಹೆಂಗ ಉರ್ಯಾಕತ್ತೈತಿ ನೋಡ್ರಿ."

"ಎಲ್ಲೀ ದೀಪನಪ? ಇವತ್ತ ಅಮಾಸಿ. ಮುಂಜಾನೆ ಬಾಗ್ಲಾ ತೆಗದ ಕೂಡ್ಲೆ ಬಂದ್ ಮಾಡಿ, ವರಸಿ, ವಿಭೂತಿ ಹಚ್ಚಿ ಕಾಯಿ ಒಡದೀನಿ."

"ಯಾರನ್ನ ಕೇಳಿ ಬಂದ್ ಮಾಡಿದ್ರಿ? ತಲಿ ನೆಟ್ಟಗೈತೇನ್ರಿ ನಿಮಗ?"

"ಸಿಟ್ಟಾಗಬ್ಯಾಡೋ ತಮ್ಮಾ. ಅಮಾಸಿಗೆ ನಾವು ಎತ್ತಿನ ಹೆಗಲಿಗೂ ನೊಗ ಇಡಂಗಿಲ್ಲ. ಇದು ಹಗಲೂ ರಾತ್ರಿ ದುಡೀತೈತಿ. ದಣಿವಾರಿಸ್ಕೊಳ್ಲಿ ಅಂತ ಪ್ರತಿ ಅಮಾಸಿ ಸಂಜಿತನ ಬಂದ್ ಇಡ್ತೀನಿ."

ಪ್ರತಿ ಅಮಾಸಿ! ಸಂಜಿಗೆ ಹಚ್ಚಿದ ಮ್ಯಾಲ ತಪ್ಪಿದ ತುಣುಕು ತಾನ ತುಂಬ್ಕೊಂತಿತ್ತು, ನಂಗ ಸುಳಿವ ಹತ್ತಿದ್ದಿಲ್ಲ. ಬೈಗಳ ನಾಲಿಗಿ ತುದಿಗೆ ಬಂದು ಅಲ್ಲೇ ನಿಂತ್ವು. ಕರೆಂಟ್ ಹೋಗೋಕ್ಕಿಂತ ಮೊದ್ಲ ಬಂದ್ ಮಾಡ್ಯಾರ. ಹಂಗಂದ್ರ ಕೆಟ್ಟದ್ದು ಅಲ್ಲಿ ಮುಟ್ಟೇ ಇಲ್ಲ!

"ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನಾ ಬರೋತನ ಅದಕ್ಕ ಕೈ ಹಚ್ಚಬ್ಯಾಡ್ರಿ."

ತಂಗಿಗೆ ಫೋನಿನಾಗ ಎಲ್ಲಾ ಹೇಳಿ ಲಿಂಗಸುಗೂರಿನ ಬಸ್ ಹಿಡದೆ. ಮಸ್ಕಿ ಬಸ್‌ಸ್ಟ್ಯಾಂಡಿನಾಗ ಅದ ಬಸ್ಸಿಗೆ ಹತ್ತಿದ್ಲು. ಡಾಕ್ಟರ್ ಮಾತು ಅಕಿಗೂ ಗೊತ್ತಿತ್ತು. "ಲಗೂ ಮುಗಸ್ಬೇಕು ನೋಡಣ್ಣ, ಹುಡುಗ್ರು ಸಾಲಿಂದ ಬರ್ತಾವ, ಬೀಗದ ಕೈ ನನ್ನ ಹಂತ್ಯಾಗ ಐತಿ," ಅಂದ್ಲು. ನಾ ಅಂತೂ ದಾರಿ ತುಂಬ ಒಳಗೊಳಗ, ಗಂಟು ಆಗೂ ಇದ್ದಿರ್ಲಿ ಅಂತ ಅದೊಂದ ಬೇಡ್ಕೊಂತ ಕುಂತಿದ್ದೆ.

ಲಿಂಗಸುಗೂರಿನಾಗ ಪೆಟ್ಟಿಗಿ ಮ್ಯಾಲ ವಿಭೂತಿ, ಕುಂಕುಮ, ಒಂದು ಲಿಂಬಿಹಣ್ಣು. ಈ ಕಡೆ ವಯರೂ ಕಿತ್ತಿ ಸ್ವಿಚ್ ಹಾಕಿದೆ. ಮಷಿನ್ ಎದ್ದಿತು. ತಂಗಿ ಹೆಸರು ಬಂತು, ಚಿತ್ರ ಬಂತು. ಒಂದೂ ಪಟ್ಟಿ ಇಲ್ಲ, ಒಂದೂ ಕಲಿ ಇಲ್ಲ. ಬಲಗಿವಿ ಮ್ಯಾಲಿನ ಜಾಗ ದೊಡ್ಡದು ಮಾಡಿದೆ. ಮತ್ತ ದೊಡ್ಡದು ಮಾಡಿದೆ. ಡಾಕ್ಟರಿಗೆ ಕಳಿಸಿದೆ.

ಹಿಂದ ನಿಂತ ಕಾಕಾ ಬಗ್ಗಿ ನೋಡಿ, "ಏನೂ ಇಲ್ಲಲ್ಲಪ! ಹಾಲಿನಂಗ ಸ್ವಚ್ಛ ಐತಿ. ಶಿವ ದೊಡ್ಡಾವ!" ಅಂತ ಖುಷೀಲೆ ತಂಗಿ ಕೈಯಾಗ ಕಾಯಿ ಹೋಳು ಇಟ್ರು.

ಡಾಕ್ಟರ್ ಫೋನ್ ಬಂತು. "ಆಗ ಇದ್ದಿದ್ದಿಲ್ಲ. ನಾಳೆನ ಕರಕೊಂಡು ಬರ್ರಿ, ತಡ ಮಾಡಬ್ಯಾಡ್ರಿ."

ತಂಗಿ ನನ್ನ ಮಾರಿ ನೋಡಿದ್ಲು, ಕಾಕಾಗ ಕೈ ಮುಗದ್ಲು, ಹುಡುಗ್ರಿಗೆ ಅಂತ ಕಾಯಿ ಹೋಳನ್ನ ಸೆರಗಿನ ತುದಿಗೆ ಕಟ್ಟಿಕೊಂಡ್ಲು.

"ನಡಿ ಅಣ್ಣ," ಅಂದ್ಲು, "ಬೀಗದ ಕೈ ನನ್ನ ಹಂತ್ಯಾಗ ಐತಿ."