ಸಿದ್ದನಿಗೆ ಹೇಳಬೇಕಾದ ಮಾತು

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಮಲಾಕ್ಷಮ್ಮನವರ ಬಗ್ಗೆ ಬರೆಯುವಾಗ ಅವರ ನಾಯಿಯನ್ನು ಬಿಟ್ಟು ಬರೆಯಲು ಸಾಧ್ಯವೇ ಇಲ್ಲ. ಬ್ಯಾಂಕಿನವರು ನನ್ನನ್ನು ಹಾಸನದಿಂದ ಎತ್ತಿ ವಿಶಾಖಪಟ್ಟಣಕ್ಕೆ ಹಾಕಿದ್ದು ೧೯೮೯ರಲ್ಲಿ. ಬಂದರಿನ ಹತ್ತಿರದ ಹಳೇ ಊರಿನಲ್ಲಿ ಅವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಮನೆ ತೋರಿಸಿದ ದಲ್ಲಾಳಿ ಓನರಮ್ಮ ನಿಮ್ಮ ಭಾಷೆಯವರೇ ಎಂದು ಹಲ್ಲು ಕಿರಿದನೇ ಹೊರತು, ಹಿತ್ತಲಲ್ಲಿ ಏನನ್ನು ಕಟ್ಟಿಹಾಕಿದ್ದಾರೆ ಎಂದು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದು ಬಂದಾಗ ನೋಡಿದೆ. ತೆಂಗಿನ ಮರಕ್ಕೆ ಸರಪಳಿಯಲ್ಲಿ ಕಟ್ಟಿದ ಒಂದು ಕೆಂದು ಬಣ್ಣದ ನಾಯಿ. ಅದರ ಒಂದು ಕಿವಿ ಅರ್ಧ ಇರಲಿಲ್ಲ. ಕಣದಲ್ಲಿ ಎತ್ತುಗಳ ಬಾಯಿಗೆ ಕಟ್ಟುವ ಕುಕ್ಕೆ ಇರುತ್ತದಲ್ಲ, ತೆಂಗಿನ ನಾರಿನಲ್ಲಿ ಹೆಣೆದ ಅಂಥದೇ ಸಣ್ಣ ಕುಕ್ಕೆ ಅದರ ಮೂತಿಗೆ. ಸರಪಳಿ ಎಟುಕದಷ್ಟು ದೂರದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ನಾಯಿಗೆ ಬೆನ್ನು ಕೊಟ್ಟು, ಹುರುಳಿಕಾಯಿ ಸೋಸುತ್ತಾ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವತ್ತಿನ ಸಾರು, ಬಟ್ಟೆಯ ಮೇಲೆ ಕೂರುವ ಅದಿರಿನ ಕೆಂಪು ಧೂಳು, ತಿಪಟೂರಿನಲ್ಲಿದ್ದ ತಂಗಿಯ ಮಂಡಿನೋವು, ಎಲ್ಲ ನಾಯಿಗೆ ವರದಿಯಾಗುತ್ತಿತ್ತು. ನಾಯಿ ಹಲ್ಲು ತೋರಿಸಿಕೊಂಡೇ ಕೇಳುತ್ತಿತ್ತು.

ತಿಪಟೂರಿನ ಕಮಲಾಕ್ಷಮ್ಮ ತೆಲುಗಿನ ಜಗನ್ಮೋಹನ್ ಅವರನ್ನು ಮದುವೆಯಾಗಿ ಈ ಊರಿಗೆ ಬಂದವರು. ಗಂಡ ಬಂದರಿನಲ್ಲಿ ಹಡಗಿನ ಸರಕಿಗೆ ಲೆಕ್ಕ ಹಾಕುವ ಗುಮಾಸ್ತರು, ಮಾತು ಕಡಿಮೆ. ಒಬ್ಬನೇ ಮಗ ಸೂರ್ಯಪ್ರಕಾಶ. ವಿಜಯವಾಡದ ಹತ್ತಿರ ಥರ್ಮಲ್ ಸ್ಟೇಷನ್ನಿನಲ್ಲಿ ಕೆಲಸ, ಕೊಂಡಪಲ್ಲಿಯಲ್ಲಿ ರೂಮು. ಸ್ಕೂಲಿನಲ್ಲಿದ್ದಾಗ ಹುಡುಗರು ಅಮ್ಮನ ಕನ್ನಡವನ್ನು ಅಣಕಿಸಿದರು ಅಂತ ಒಂದು ದಿನ ಅವನು ಕನ್ನಡ ನಿಲ್ಲಿಸಿದನಂತೆ. ನಿಲ್ಲಿಸಿದವನು ಮತ್ತೆ ಶುರುಮಾಡಲೇ ಇಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಅವನು ತೆಲುಗಿನಲ್ಲಿ ಉತ್ತರಿಸುವನು. ಗಂಡನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಕನ್ನಡಕ್ಕೆ ಕಿವಿಯಾಗಿ ಉಳಿದದ್ದು ಆ ನಾಯಿ ಮಾತ್ರ. ಇದನ್ನು ಕಮಲಾಕ್ಷಮ್ಮ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಾಯಿ ಸಿಕ್ಕಿದ್ದು ಬಂದರಿನ ಹಿಂದಿನ ಯಾವುದೋ ಖಾಸಗಿ ಗೋದಾಮಿನಲ್ಲಿ. ಅಲ್ಲಿನ ಕಾವಲುಗಾರರು ಅದು ಉಗ್ರವಾಗಿರಲಿ ಅಂತ ದಿನಾ ದೊಣ್ಣೆಯಿಂದ ಚುಚ್ಚಿ, ಹೊಡೆದು ಬೆಳೆಸಿದ್ದರು. ಗೋದಾಮು ಮುಚ್ಚಿತು, ಜನ ಹೋದರು, ನಾಯಿ ಸರಪಳಿಯಲ್ಲೇ ಉಳಿಯಿತು. ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಕಮಲಾಕ್ಷಮ್ಮ ಅದರ ಬೊಗಳು ಕೇಳುತ್ತಿದ್ದರು. ಅದು ಬೊಗಳುವುದು ನಿಂತ ದಿನ ಗಂಡನನ್ನು ಎಳೆದುಕೊಂಡು ಹೋಗಿ, ಗೋಣಿಯಲ್ಲಿ ಸುತ್ತಿ ಸೈಕಲ್ ರಿಕ್ಷಾದಲ್ಲಿ ತಂದರು. ಸಿದ್ದ ಎಂದು ಹೆಸರಿಟ್ಟರು. ಮೈಗೆ ಮಾಂಸ ಹತ್ತಿದ ಮೇಲೆ ಸಿದ್ದ ಮಾಡಿದ ಮೊದಲ ಕೆಲಸ ಗ್ಯಾಸ್ ಸಿಲಿಂಡರ್ ತಂದವನ ತೊಡೆಗೆ ಬಾಯಿ ಹಾಕಿದ್ದು.

ಜಗನ್ಮೋಹನ್ ಅವರು ಅವತ್ತು ತೆಲುಗಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದರಂತೆ: 'ಇನ್ನೊಂದು ಸಲ ಯಾರನ್ನಾದರೂ ಕಚ್ಚಿದರೆ ಮುನಿಸಿಪಾಲಿಟಿ ಬಂಡಿಗೆ ಕೊಟ್ಟುಬಿಡುತ್ತೇನೆ. ಆಮೇಲೆ ಅಳಬೇಡ.' ಬಂಡಿಗೆ ಹತ್ತಿದ ನಾಯಿ ವಾಪಸು ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅವರು ಹೇಳಿದ ಮಾತಿಗೆ ತಪ್ಪುವವರಲ್ಲ ಎಂಬುದು ಹೆಂಡತಿಗೆ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ಪಾಠ. ಹೆದರಿದ ಪ್ರಾಣಿಯ ಕಣ್ಣಲ್ಲಿ ಕಣ್ಣಿಡಬಾರದು. ಎದುರಿಗೆ ನಿಲ್ಲಬಾರದು. ಬೆನ್ನು ಕೊಟ್ಟು ಕೂತು, ಮೊಸರನ್ನದ ಉಂಡೆ ಹಿಂದಕ್ಕೆ ಎಸೆಯಬೇಕು, ಮಾತು ನಿಲ್ಲಿಸಬಾರದು. ದಿನದಿನಕ್ಕೆ ಒಂದಿಷ್ಟು ಹತ್ತಿರ ಸರಿಯಬೇಕು. 'ಹಲ್ಲು ತಗುಲಿದರೂ ಕೈ ಎಳ್ಕೋಬಾರದು ಬಾಲಚಂದ್ರ' ಎಂದು ನನಗೂ ಉಪದೇಶ. 'ಎಳ್ಕೊಂಡ್ರೇ ಮಾಂಸ ಹರಿಯೋದು. ಸುಮ್ನೆ ಬಿಡೋ ಅಂದ್ರೆ ಬಿಡ್ತಾನೆ.' ನಾನು ಕೈಗಳೆರಡನ್ನೂ ಜೇಬಿನಲ್ಲಿಟ್ಟುಕೊಂಡು ತಲೆಯಾಡಿಸಿದೆ.

ಹೊಸಬರನ್ನು ಒಪ್ಪಿಸುವುದಕ್ಕೂ ಒಂದು ಕ್ರಮ ಇತ್ತು. ಬಂದವರ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಆ ಕೈಯನ್ನು ಸಿದ್ದನ ಕಡೆ ಚಾಚಿ, 'ನಮ್ಮೋರು ಕಣೋ ಸಿದ್ದ' ಎನ್ನುವರು. ಆಮೇಲೆ ಬಂದವರೂ ಅದೇ ಮಾತು ಹೇಳಿ ಅನ್ನದ ಉಂಡೆ ಹಾಕಬೇಕು. ಒಮ್ಮೆ ಒಪ್ಪಿಸಿದವರ ಮೇಲೆ ಸಿದ್ದ ಗುರುಗುಟ್ಟುತ್ತಿರಲಿಲ್ಲ. ಜಗನ್ಮೋಹನ್ ಅವರು ನಾಚಿಕೊಂಡು, ತೊದಲಿಕೊಂಡು ಹೇಳಿ ಪಾಸಾಗಿದ್ದರು. ನಾನು ಬೆವರಿಕೊಂಡು ಪಾಸಾದೆ. ಒಪ್ಪದೆ ಉಳಿದವನು ಸೂರ್ಯಪ್ರಕಾಶ ಒಬ್ಬನೇ.

'ನನ್ನ ಮನೆಗೆ ನಾನು ಬರೋಕೆ ನಾಯಿಯ ಅಪ್ಪಣೆ ಬೇಕಾ?' ಎಂದು ಅವನು ತೆಲುಗಿನಲ್ಲಿ ಸಿಡುಕಿದ್ದು ನಾನೇ ಕೇಳಿದ್ದೇನೆ.

'ಒಂದು ಮಾತು ಕಣೋ. ಒಂದೇ ಮಾತು. ಹೇಳಿದ್ರೆ ಬಾಯಿ ಸವೆಯುತ್ತಾ?' ಎಂದರು ತಾಯಿ.

'ತೆಲುಗುಲೋ ಚೆಬುತಾನು' ಎಂದ ಮಗ. ತೆಲುಗಿನಲ್ಲಾದರೆ ಹೇಳುತ್ತಾನಂತೆ.

'ಸಿದ್ದ ಆ ಭಾಷೇಲಿ ತಿಂದಿರೋದು ಬರೀ ಪೆಟ್ಟು' ಎಂದರು ಕಮಲಾಕ್ಷಮ್ಮ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಮಗನ ಬಾಯಿಂದ ಒಂದು ಕನ್ನಡದ ಮಾತು ಹೊರಡಿಸಲು ಅವರು ನಾಯಿಯನ್ನು ಅಡ್ಡ ಇಟ್ಟುಕೊಂಡಿದ್ದರು. ಅವರ ಮೇಲೆ ನನಗೆ ಎಷ್ಟೇ ಗೌರವವಿದ್ದರೂ ಇದು ತಪ್ಪು ಎಂದು ಅವರಿಗೇ ಹೇಳಿದೆ. ನಾಳೆ ನಿಮಗೇನಾದರೂ ಆದರೆ ಈ ಮನೆಯಲ್ಲಿ ಅದನ್ನು ಹಿಡಿಯುವವರು ಯಾರು ಎಂದೂ ಕೇಳಿದೆ. 'ನನಗೇನಾಗತ್ತೆ, ಗುಂಡುಕಲ್ಲು' ಎಂದರು. ಹಾಗೆನ್ನುವಾಗಲೇ ಅವರ ಬಲಗೈಯಿಂದ ಸೌಟು ಜಾರಿತು. ಆ ತಿಂಗಳಲ್ಲಿ ಅದು ಜಾರಿದ್ದು ಮೊದಲನೆಯ ಸಲವೇನಲ್ಲ. ಬಿಪಿ ಮಾತ್ರೆ ನೆನಪಾದ ದಿನ ನುಂಗುವರು, ಸಿದ್ದನ ಅನ್ನ ಮಾತ್ರ ಒಂದು ದಿನವೂ ಮರೆಯಲಿಲ್ಲ. ನನಗೆ ಆ ಮನೆಯಲ್ಲಿ ಒಂದು ಥರದ ಭಯ ಶುರುವಾಯಿತು. ಮಗ ರಜಕ್ಕೆ ಬಂದಾಗಲೆಲ್ಲ ಸಿದ್ದನನ್ನು ಬಿಚ್ಚದೆ ಕಟ್ಟಿಯೇ ಇಡುವುದು, ಅವನು ಹಿತ್ತಲ ಕಿಟಕಿಯಲ್ಲಿ ನಿಂತು ತಾಯಿಯ ಬೆನ್ನನ್ನೂ ಆ ಬೆನ್ನ ಹಿಂದಿನ ಸಿದ್ದನ ಹಲ್ಲುಗಳನ್ನೂ ನೋಡುವುದು, ಸರಪಳಿ ನೆಲಕ್ಕೆ ಉಜ್ಜುವ ಸದ್ದು. ಇದು ಎಲ್ಲಿಗೋ ಹೋಗಿ ಮುಟ್ಟುತ್ತದೆ ಎನ್ನಿಸುತ್ತಿತ್ತು.

ಅದು ಬಂದು ಮುಟ್ಟಿದ್ದು ಭೋಗಿಯ ಹಿಂದಿನ ದಿನ. ಆ ಕಡೆ ಸಂಕ್ರಾಂತಿಯ ಮುಂಚಿನ ದಿನ ಭೋಗಿಯೆಂದು ಹಳೇ ಮರದ ಸಾಮಾನೆಲ್ಲ ಬೀದಿಯಲ್ಲಿ ಸೇರಿಸಿ ಬೆಂಕಿ ಹಚ್ಚುತ್ತಾರೆ. ಬೆಳಗ್ಗಿನಿಂದ ಬೀದಿಯ ಗಂಡಸರು ಮನೆಮನೆಯಿಂದ ಮುರಿದ ಕುರ್ಚಿ, ಹಲಗೆ, ದೊಣ್ಣೆ ಹೊತ್ತು ಓಡಾಡುತ್ತಿದ್ದರು. ಜಗನ್ಮೋಹನ್ ಅವರು ಡ್ಯೂಟಿಗೆ ಹೋಗಿದ್ದರು. ಮಗ ಬರುವ ರೈಲು ತಡವಾಗಿತ್ತು. ನಾನು ಮಹಡಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಸಿದ್ದ ಬೊಗಳಿದ. ಅಂಥ ಬೊಗಳನ್ನು ಅದುವರೆಗೆ ಕೇಳಿರಲಿಲ್ಲ.

ಅರ್ಧ ಸೋಪಿನ ಮುಖದಲ್ಲೇ ಇಳಿದು ಬಂದೆ. ಒಗೆಯುವ ಕಲ್ಲಿನ ಪಕ್ಕ ಕಮಲಾಕ್ಷಮ್ಮ ಬಿದ್ದಿದ್ದರು. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು, ಕಣ್ಣು ತೆರೆದಿತ್ತು. ಊಟಕ್ಕೆಂದು ಅವರೇ ಬಿಚ್ಚಿದ ಕುಕ್ಕೆ, ಸರಪಳಿ ಎರಡೂ ಅತ್ತ ಬಿದ್ದಿದ್ದವು. ಸಿದ್ದ ಅವರ ಮೇಲೆ ನಾಲ್ಕು ಕಾಲೂರಿ ನಿಂತಿದ್ದ. ಬೊಗಳು ಕೇಳಿ ಹಿಂಬಾಗಿಲಿನಿಂದ ಗಂಡಸರು ನುಗ್ಗಿದ್ದರು, ಎಲ್ಲರ ಕೈಯಲ್ಲೂ ಭೋಗಿಯ ಕಟ್ಟಿಗೆ. ಒಬ್ಬ ಆಗಲೇ ಬೀಸಿದ್ದ. ಸಿದ್ದನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ನಾನು ಹೆಸರು ಹಿಡಿದು ಕರೆದೆ, ಎರಡು ಹೆಜ್ಜೆ ಇಟ್ಟೆ. ನನ್ನ ಮೇಲೂ ಹಾರಿದ. ಆ ಹೊತ್ತಿಗೆ ಅವನಿಗೆ ನಮ್ಮೋರು ಯಾರೂ ಇರಲಿಲ್ಲ. ಒಬ್ಬ ಕಬ್ಬಿಣದ ಸಲಾಕೆ ತರಲು ಓಡಿದ. ಕಮಲಾಕ್ಷಮ್ಮನವರ ಗಂಟಲಲ್ಲಿ ಗೊರಗೊರ ಶುರುವಾಗಿತ್ತು.

ಆಗ ಸೂರ್ಯಪ್ರಕಾಶ ಬಂದ. ಹೆಗಲಿನಲ್ಲಿ ಚೀಲ, ಕೈಯಲ್ಲಿ ಅಮ್ಮನಿಗೆಂದು ತಂದ ಕೊಂಡಪಲ್ಲಿ ಬೊಂಬೆಗಳ ಪೆಟ್ಟಿಗೆ. ಒಂದು ಕ್ಷಣ ನೋಡಿದ. ಗಂಡಸರನ್ನು ತೆಲುಗಿನಲ್ಲಿ ಗದರಿ ಆಚೆ ತಳ್ಳಿ ಹಿಂಬಾಗಿಲು ಹಾಕಿದ. ಪೆಟ್ಟಿಗೆಯನ್ನು ಮೂಲೆಗಿಟ್ಟ. ಆಮೇಲೆ ಸಿದ್ದನಿಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತ.

'ಸಿದ್ದ' ಎಂದ. ಮತ್ತೆ ಶುರುಮಾಡಿದ. 'ಬಾರೋ ಕಂದ. ಯಾರೂ ಏನೂ ಮಾಡಲ್ಲ ಕಣೋ. ಅತ್ತಿದ್ದು ಸಾಕು, ಬಾ. ಬೆಲ್ಲ ಕೊಡ್ತೀನಿ.' ಅದು ನಾಯಿಗೆ ಕಲಿಸಿದ ಮಾತಲ್ಲ. ಎಳೆಯ ಮಗುವಿಗೆ ತಾಯಿ ಆಡುವ ಮಾತು, ತಿಪಟೂರಿನ ರಾಗದಲ್ಲೇ. ಹಾಗೇ ಕೂತಲ್ಲೇ ಹಿಂದಕ್ಕೆ ಸರಿಯುತ್ತಾ ಹೋದ. ಸಿದ್ದನ ಗುರುಗುಟ್ಟುವಿಕೆ ತಗ್ಗಲಿಲ್ಲ. ಅವನು ಎಡಗೈಯನ್ನು ಹಿಂದಕ್ಕೆ ಚಾಚಿ 'ನಮ್ಮೋರು ಕಣೋ' ಎಂದ. ಸಿದ್ದ ಆ ಕೈಯನ್ನು ಮಣಿಕಟ್ಟಿನ ಮೇಲ್ಗಡೆ ಕಚ್ಚಿ ಹಿಡಿದ.

ನಾನು ಕೂಗಿದೆನೋ ಏನೋ ನೆನಪಿಲ್ಲ. ಅವನು ಕೂಗಲಿಲ್ಲ. ಕೈ ಎಳೆದುಕೊಳ್ಳಲಿಲ್ಲ. ಮೆಲ್ಲಗೆ, ನಿದ್ದೆಯಲ್ಲಿ ಆಡುವವನ ಹಾಗೆ, 'ಬಿಡೋ ಸಿದ್ದ. ಬಿಡು. ಅಮ್ಮನ್ನ ಕರ್ಕೊಂಡು ಹೋಗ್ಬೇಕು ಬಿಡು' ಎಂದ. ಎಷ್ಟು ಹೊತ್ತು ಹೇಳಿದನೋ. ಸಿದ್ದ ಬಿಟ್ಟ. ಬಿಟ್ಟು, ತೆಂಗಿನ ಮರದ ಬುಡಕ್ಕೆ ಹೋಗಿ ಮಲಗಿದ. ಆಟೋದಲ್ಲಿ ಕೂರುವ ಮುಂಚೆ ಸೂರ್ಯಪ್ರಕಾಶ ಶರ್ಟಿನ ತೋಳು ಕೆಳಗೆಳೆದು ಗುಂಡಿ ಹಾಕಿ, ನನ್ನನ್ನು ನೋಡಿದ. 'ನಾನ್ನಗಾರಿಗೆ ಹೇಳಬೇಡಿ' ಎಂದ. ಅವನು ನನ್ನೊಡನೆ ಆಡಿದ ಮೊದಲ ಕನ್ನಡದ ಮಾತು ಅದು. ಅಪ್ಪನಿಗೆ ಗೊತ್ತಾದರೆ ಬಂಡಿ ಬರುತ್ತದೆ. ನಾನು ಹೇಳಲಿಲ್ಲ. ನಾಯಿಕಡಿತದ ಇಂಜೆಕ್ಷನ್ನಿಗೆ ಅವನನ್ನು ಕದ್ದು ಕರೆದುಕೊಂಡು ಹೋದವನೂ ನಾನೇ, ನಾಯಿ ಕಂಡರಾಗದವನು.

ಕಮಲಾಕ್ಷಮ್ಮ ಉಳಿದರು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಇನ್ನೂ ಸ್ವಲ್ಪ ಮುಂಚೆ ತಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಮಗನ ಮುಖ ನೋಡಿ ನಿಲ್ಲಿಸಿದರು. ಆಸ್ಪತ್ರೆಯಿಂದ ಬಂದ ದಿನ ಹಿತ್ತಲಿಗೆ ಕೈ ತೋರಿಸಿ ಹಟ ಮಾಡಿದರು. ಕುರ್ಚಿಯಲ್ಲಿ ಕೂರಿಸಿ ಒಯ್ದೆವು. ಸಿದ್ದ ಎದ್ದು ಬಂದು ಅವರ ಎದುರು ಕೂತ. ಸೊರಗಿದ್ದ. ಬೇರೆಯವರು ಹಾಕಿದ ಅನ್ನವನ್ನು ಸರಿಯಾಗಿ ಮುಟ್ಟಿರಲಿಲ್ಲ.

ಕಮಲಾಕ್ಷಮ್ಮ ಎಡಗೈಯಿಂದ ಮಗನ ಮಣಿಕಟ್ಟು ಹಿಡಿದರು. ಹಿಡಿದಾಗ ಶರ್ಟಿನ ತೋಳು ಮೇಲೆ ಸರಿದು ಹಲ್ಲಿನ ಗುರುತು ಕಂಡಿತು. ಬಾಗಿಲಲ್ಲಿ ನಿಂತಿದ್ದ ಜಗನ್ಮೋಹನ್ ಅವರು ಅದನ್ನು ನೋಡಿದರು, ನಾಯಿಯನ್ನು ನೋಡಿದರು. ಒಳಗೆ ಹೋಗಿ ಮೊಸರನ್ನದ ಬಟ್ಟಲು ತಂದು ಮಗನ ಪಕ್ಕ ಇಟ್ಟರು. ಕಮಲಾಕ್ಷಮ್ಮ ಆ ಕೈಯನ್ನು ಸಿದ್ದನ ಕಡೆ ಚಾಚಿ ಬಾಯಿ ತೆರೆದರು. ತುಟಿ ಅಲುಗಿತು, ಜೊಲ್ಲು ಇಳಿಯಿತು, ಸದ್ದು ಬರಲಿಲ್ಲ. ಸಿದ್ದ ಅವರ ಬಾಯನ್ನೇ ನೋಡುತ್ತಿದ್ದ.

'ನಮ್ಮೋರು ಕಣೋ ಸಿದ್ದ' ಎಂದ ಮಗ. ಸಿದ್ದ ಅತ್ತ ತಿರುಗಲಿಲ್ಲ, ಅನ್ನದ ಕಡೆಯೂ ನೋಡಲಿಲ್ಲ. ಅವರ ಬಾಯಿಂದ ಬರಬೇಕಾದದ್ದಕ್ಕೆ ಕಾದು ಕೂತಿದ್ದ. ಸೂರ್ಯಪ್ರಕಾಶ ಇನ್ನೊಮ್ಮೆ ಹೇಳಿದ. ಮತ್ತೂ ಒಮ್ಮೆ ಹೇಳುವಾಗ ಅವನು ನಾಯಿಯ ಕಡೆ ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡಿ ಹೇಳುತ್ತಿದ್ದ.