ಚೆಲ್ಲಿದ ಅಕ್ಕಿ, ಗುಂಪಾದ ಕ್ವೇಸಾರ್‌ಗಳು

ಅತ್ತಿಗೆ ನರಸಿಂಹರಾಜಪುರದಿಂದ ನಮ್ಮ ಮನೆ ತುಂಬಿದ ವರ್ಷವೇ ಅಪ್ಪ ತೀರಿಕೊಂಡರು. ಹಿಂದೆಯೇ ಚಿಕ್ಕಪ್ಪ, ಅವರ ವರ್ಷಾಂತಿಕಕ್ಕೂ ಮೊದಲು ಸೋದರತ್ತೆ. ಜಯಪುರದ ಪೇಟೆಗೆ ಹೋದರೆ ಸಾಕು, ‘ಸೊಸೆಯ ಕಾಲ್ಗುಣ’ ಎಂಬ ಪಿಸುಮಾತು ಬೆನ್ನಿಗೆ ಬೀಳುತ್ತಿತ್ತು. ಅಮ್ಮ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ಮನೆಯಿಂದ ಯಾರಾದರೂ ಹೊರಟು ನಿಂತರೆ, ಅತ್ತಿಗೆ ಎದುರಾಗದಂತೆ ಒಳಗಿನ ಕೆಲಸವೊಂದನ್ನು ಹೇಳುತ್ತಿದ್ದಳು. ಬರಬರುತ್ತ ಹೇಳುವ ಅಗತ್ಯವೂ ಉಳಿಯಲಿಲ್ಲ. ಕಾರು ಸ್ಟಾರ್ಟ್ ಆದ ಸದ್ದು ಕೇಳಿದರೆ ಅತ್ತಿಗೆ ತಾನಾಗಿಯೇ ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದಳು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಕೊಪ್ಪದ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ. ಪಾಠದ ಜೊತೆಗೆ ಕ್ವೇಸಾರ್‌ಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಬಹುದೂರದ ಗ್ಯಾಲಕ್ಸಿಗಳ ನಡುವೆ ಕುಳಿತ ದೈತ್ಯ ಕಪ್ಪುಕುಳಿಗಳು ಸುತ್ತಲಿನ ಅನಿಲವನ್ನು ಎಳೆದುಕೊಳ್ಳುವಾಗ, ಆ ಅನಿಲ ಕಾದು ಉರಿಯುವ ಬೆಳಕೇ ಕ್ವೇಸಾರ್. ಒಂದು ಇದ್ದಲ್ಲಿ ಅದರ ಹತ್ತಿರ ಇನ್ನೊಂದು ಸಿಗುವ ಸಂಭವ ಹೆಚ್ಚು. ಎಷ್ಟು ಹೆಚ್ಚು ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಯಾವ ಕ್ರಮವೂ ಇಲ್ಲದೆ ಸುಮ್ಮನೆ ಚುಕ್ಕಿಗಳನ್ನು ಚೆಲ್ಲಿ, ಕ್ವೇಸಾರ್‌ಗಳನ್ನು ಅವುಗಳೊಂದಿಗೆ ಹೋಲಿಸಬೇಕು. ಆ ಕೆಲಸಕ್ಕೆ ಕೂತವರಿಗೆ ಮೊದಲು ಕಾಣುವುದು, ಸುಮ್ಮನೆ ಚೆಲ್ಲಿದ ಚುಕ್ಕಿಗಳೂ ಅಲ್ಲಲ್ಲಿ ಗುಂಪಾಗುತ್ತವೆ ಎಂಬುದು.

ಒಂದು ದಿನ ಅತ್ತಿಗೆ ತವರಿಗೆಂದು ಬ್ಯಾಗು ತುಂಬಿದಳು. ಸ್ವಲ್ಪ ದಿನ ಇದ್ದು ಬರ್ತೀನಿ ಎಂದಳು. ಆದರೆ ಮದುವೆಯ ಸೀರೆಗಳೂ ಬ್ಯಾಗಿನಲ್ಲಿದ್ದವು. ನಾನು ಸೀದಾ ಅಮ್ಮ ಅಕ್ಕಿ ಆರಿಸುತ್ತಿದ್ದಲ್ಲಿಗೆ ಹೋಗಿ, "ಒಂದು ಮುಷ್ಟಿ ನೆಲಕ್ಕೆ ಚೆಲ್ಲು" ಎಂದೆ.

"ಎಂತಕ್ಕೆ? ತಲೆ ಕೆಟ್ಟಿದ್ಯಾ ಮಾರಾಯ್ತಿ?"

ಬೈದುಕೊಂಡೇ ಚೆಲ್ಲಿದಳು. ಕಪ್ಪು ನೆಲದ ಮೇಲೆ ಒಂದೆಡೆ ಕಾಳುಗಳು ಒತ್ತಾಗಿ ಬಿದ್ದವು, ಇನ್ನೊಂದೆಡೆ ಅಂಗೈಯಗಲ ಖಾಲಿ.

"ಇವನ್ನ ಇಲ್ಲಿ ಒಟ್ಟು ಮಾಡಿದ್ದು ಯಾರು?"

"ಯಾರೂ ಇಲ್ಲ. ಬಿದ್ದಿದ್ದೇ ಹಂಗೆ."

"ಅಪ್ಪ, ಚಿಕ್ಕಪ್ಪ, ಅತ್ತೆ ಹೋಗಿದ್ದೂ ಹಂಗೆ."

ಅಮ್ಮ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ ಕೇಳಿದಳು, "ಹಂಗಾರೆ ನಿನ್ನ ಕ್ವೇಸಾರ್ ಗುಂಪಾಗಕ್ಕೆ ಮಾತ್ರ ಕಾರಣ ಇದ್ಯಾ?"

ನ್ಯಾಯವಾದ ಪ್ರಶ್ನೆ. "ಇದೆ. ಕಣ್ಣಿಗೆ ಕಾಣದ ವಸ್ತು ದಟ್ಟವಾಗಿರೋ ಕಡೆ ಅವು ಜಾಸ್ತಿ. ಆದ್ರೆ ಲಕ್ಷಗಟ್ಟಲೆ ನೋಡಿದ ಮೇಲೆ ಹೇಳೋ ಮಾತು ಅದು. ಮೂರು ಸಾವು ನೋಡಿ ಹೇಳಕ್ಕಾಗಲ್ಲ."

"ಕಾರಣ ಇಲ್ಲ ಅಂದ್ರೆ ನಾ ಯಾರ ಮೇಲೆ ಸಿಟ್ಟು ಮಾಡ್ಲೇ?" ಅಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಅಪ್ಪನ ಸಾವಿಗೊಂದು ಕಾರಣ ನನಗೂ ಬೇಕಾಗಿತ್ತು.

ಅಮ್ಮನ ಕಣ್ಣಿನ ಆಪರೇಷನ್ ಹತ್ತಿರದಲ್ಲಿತ್ತು. ಅಲ್ಲಿಯವರೆಗಾದರೂ ಇರು ಎಂದು ಅಣ್ಣ ಬೇಡಿಕೊಂಡದ್ದಕ್ಕೆ ಅತ್ತಿಗೆ ಉಳಿದಳು, ಬ್ಯಾಗು ಮಾತ್ರ ಬಿಚ್ಚಲಿಲ್ಲ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅಣ್ಣ ಕಾರು ಸ್ಟಾರ್ಟ್ ಮಾಡಿದ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅತ್ತಿಗೆ ಎಂದಿನಂತೆ ಬಾಗಿಲ ಹಿಂದೆ. ಅಮ್ಮ ಕಾರು ಹತ್ತದೆ ಅಂಗಳದಲ್ಲೇ ನಿಂತು ಒಳಗೆ ಕೂಗಿದಳು.

"ಕೂಸೇ, ಎದುರಿಗೆ ಬಾ. ಕಣ್ಣಿಗೆ ಪಟ್ಟಿ ಕಟ್ಟಕ್ಕೆ ಮುಂಚೆ ನಿನ್ನ ಮುಖ ನೋಡ್ಕಂಡು ಹೋಗ್ತೀನಿ."

ಅತ್ತಿಗೆ ಒದ್ದೆ ಕೈಯಲ್ಲೇ ಬಂದು ಮುಂದೆ ನಿಂತಳು. ಅಮ್ಮ ಮಸುಕು ಕಣ್ಣಲ್ಲಿ ಅವಳನ್ನು ಕಣ್ತುಂಬ ನೋಡಿ ಕಾರು ಹತ್ತಿದಳು. ತಿರುವು ಬರುವವರೆಗೂ ನಾನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಅತ್ತಿಗೆ ಅಂಗಳದ ನಡುವೆ, ಎಲ್ಲರಿಗೂ ಕಾಣುವಂತೆ ನಿಂತೇ ಇದ್ದಳು.