ದ್ರಾಕ್ಷಿತೋಟಕ್ಕೆ ಹೋದ ಹರಕೆಯ ಕಾಯಿ

ಶಿರಸಿ ಪೇಟೆಯಲ್ಲಿ ನಾನು ಬಹಳ ವರ್ಷ ವೈನ್ ಶಾಪ್ ನಡೆಸಿದೆ. ಹೆಸರು ವೈನ್ ಶಾಪ್ ಆದರೂ ನಮ್ಮ ಕಡೆ ವೈನ್ ಕೇಳಿಕೊಂಡು ಬರುವವರು ಕಡಿಮೆ. ಬ್ರಾಂದಿ, ರಮ್ಮಿನ ಕ್ವಾರ್ಟರುಗಳು ಬಂದಹಾಗೇ ಖಾಲಿಯಾಗುತ್ತಿದ್ದವು. ವೈನ್ ಬಾಟಲಿಗಳ ಧೂಳನ್ನು ಮಾತ್ರ ಆಗಾಗ ಒರೆಸಿಡಬೇಕಾಗುತ್ತಿತ್ತು. ಮದುವೆಮನೆಗಳಲ್ಲಿ ಯಾರಾದರೂ ನನ್ನ ಉದ್ಯೋಗ ಕೇಳಿದರೆ ನೆಂಟರು "ಪೇಟೆಲಿ ಅಂಗಡಿ ಇದ್ದು" ಎಂದು ಮಾತು ತಿರುಗಿಸುತ್ತಿದ್ದರು. ನಾನೂ ಅಷ್ಟೇ ಹೇಳುತ್ತಿದ್ದೆ.

ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಪ್ರವಾಸಕ್ಕೆ ಕಳಿಸುತ್ತಿದ್ದರು. ಒಮ್ಮೆ ಗೋವಾ, ಒಮ್ಮೆ ಬ್ಯಾಂಕಾಕ್, ಹೆಚ್ಚಾಗಿ ನಾಶಿಕದ ದ್ರಾಕ್ಷಿತೋಟಗಳು. ಮನೆಯಲ್ಲಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಗೋವಾಕ್ಕೆ ಹೊರಟಾಗ ಅಲ್ಲಿಯ ಮಂಗೇಶಿ ದೇವಸ್ಥಾನಕ್ಕೆ ಎಂದೆ. ನಾಶಿಕದ ಸುಳ್ಳು ಇನ್ನೂ ಸಲೀಸಾಗಿತ್ತು, ತ್ರ್ಯಂಬಕೇಶ್ವರ ಅಲ್ಲೇ ಹತ್ತಿರ. ಬ್ಯಾಂಕಾಕಿಗೆ ಮಾತ್ರ ಯಾವ ದೇವರೂ ಹೊಂದಲಿಲ್ಲ. ಅಡಿಕೆ ವ್ಯಾಪಾರ ನೋಡಲಿಕ್ಕೆ ಎಂದಿದ್ದೆ. ನಾಶಿಕದಿಂದ ಬರುವಾಗ ಧಾರವಾಡದಲ್ಲಿ ಪೇಡೆ ಕೊಂಡು, ಡಬ್ಬಿ ಎಸೆದು, ಕಾಗದದಲ್ಲಿ ಕಟ್ಟಿ, ಮೇಲೆ ಚಿಟಿಕೆ ಕುಂಕುಮ ಉದುರಿಸಿ ಪ್ರಸಾದವೆಂದು ಹಂಚುತ್ತಿದ್ದೆ. ಎಲ್ಲರೂ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು.

ನನ್ನ ಅಕ್ಕನನ್ನು ವಾನಳ್ಳಿಗೆ ಕೊಟ್ಟಿತ್ತು. ಅವಳ ಮಗಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ನಾನು ಮತ್ತೆ ನಾಶಿಕಕ್ಕೆ ಹೊರಟಿದ್ದೇನೆಂದು ಕೇಳಿ ಅಕ್ಕ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಚೀಲದೊಳಗಿಂದ ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿ ತೆಗೆದು ನನ್ನ ಕೈಯಲ್ಲಿಟ್ಟಳು.

"ತಮ್ಮಾ, ಇದನ್ನ ದೇವರ ಮುಂದೆ ಇಟ್ಟು ಮಗಳ ಹೆಸರು ಹೇಳು. ಮಗು ಆದ್ರೆ ಅದನ್ನ ಕರ್ಕಂಡು ಆನೇ ಬರ್ತೆ ಹೇಳು. ಮರೆಯಡ ಮತ್ತೆ."

ಮಗು ಹುಟ್ಟಿದರೆ ತಾನೇ ಅದನ್ನು ಕರೆತರುತ್ತೇನೆಂಬುದು ಅವಳ ಹರಕೆ. "ಮರೀತ್ನಿಲ್ಲೆ ಅಕ್ಕಾ" ಎಂದೆ. ಮರೆಯಲೂ ಇಲ್ಲ. ಅದೇ ನನ್ನನ್ನು ಈಗಲೂ ಸುಡುವುದು.

ಆ ಸಲ ಸಿದ್ದಾಪುರದ ಒಬ್ಬ ಅಂಗಡಿಕಾರ ಮತ್ತು ನಾನು, ನಾಶಿಕಕ್ಕೆ ನಾನು ಯಾವಾಗಲೂ ಗೊತ್ತು ಮಾಡುತ್ತಿದ್ದ ಯಲ್ಲಾಪುರದ ಒಬ್ಬನ ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ತೋಟದಲ್ಲಿ ಒಬ್ಬಳು ಹುಡುಗಿ ವೈನನ್ನು ಮೂಸಿ, ಬಾಯಲ್ಲಿ ಆಡಿಸಿ, ಉಗುಳುವುದನ್ನು ತೋರಿಸಿಕೊಟ್ಟಳು. ನಾವಿಬ್ಬರೂ ಉಗುಳಲಿಲ್ಲ. ಸಂಜೆ ಕೋಣೆಗೆ ಬಂದು ಮತ್ತೆ ಕುಡಿಯಲು ಕೂತೆವು. ನಂಜಿಕೊಳ್ಳಲು ಏನಾದರೂ ಇದೆಯೇ ಎಂದು ಸಿದ್ದಾಪುರದವನು ನನ್ನ ಚೀಲಕ್ಕೆ ಕೈ ಹಾಕಿದ.

"ಇದೆಂತ ಮಾರಾಯ, ಊರಿಂದ ಕಾಯಿ ಹೊತ್ಕಂಡು ಬಂದಿದ್ಯಾ?"

"ಇಡು, ಅದು ಅಕ್ಕನ ಹರಕೆದು."

"ದೇವರು ಎಲ್ಲಾ ಕಡೆ ಇರ್ತಾನಂತಲ್ಲ, ಇಲ್ಲಿ ಇಲ್ವಾ? ಒಡಿ ಒಡಿ."

ನಾನು ನಕ್ಕೆ. ಅವನು ಒಡೆಯಲಿಲ್ಲ, ಮೆಟ್ಟಿಲ ಅಂಚಿಗೆ ಕುಕ್ಕಿ ಒಡೆದವನು ನಾನೇ. ಊಟಕ್ಕೆ ಕರೆಯಲು ಬಂದ ಕಾರಿನವನು ಅರಿಶಿನ ಮೆತ್ತಿದ ಚಿಪ್ಪನ್ನೂ ನಮ್ಮನ್ನೂ ನೋಡಿ ಹಿಂತಿರುಗಿದ. ಮಾರನೆಯ ದಿನ ತಲೆ ಎತ್ತಲಾಗದೆ, ದೇವಸ್ಥಾನದ ಕಡೆ ಹೋಗದೆ, ಸೀದಾ ಊರಿಗೆ ಬಂದೆವು. ಅಕ್ಕನಿಗೆ ಪೇಡೆ ಕೊಟ್ಟೆ.

ಆಮೇಲೆ ಅಕ್ಕನ ಮಗಳಿಗೆ ಹೆಣ್ಣುಮಗು ಹುಟ್ಟಿತು. ತಮ್ಮ ಇಟ್ಟುಬಂದ ಕಾಯಿಯ ಫಲವೆಂದು ಅಕ್ಕ ಕಂಡವರಿಗೆಲ್ಲ ಹೇಳಿದಳು. ಹೆಗಡೆಕಟ್ಟಾದಿಂದ, ಮತ್ತಿಘಟ್ಟದಿಂದ ಯಾರ್ಯಾರೋ ಕಾಯಿ ಹಿಡಿದು ಬರತೊಡಗಿದರು. ಹೆಂಡದಂಗಡಿಯ ಮುಂದೆ ನಿಲ್ಲಲು ನಾಚಿ ಹಿಂಬಾಗಿಲು ತಟ್ಟುತ್ತಿದ್ದರು. ಮೈ ಸರಿಯಿಲ್ಲ, ಇನ್ನು ದೂರ ಹೋಗುವುದಿಲ್ಲ ಎಂದು ವಾಪಸು ಕಳಿಸಿದೆ. ಆಗಲೂ ನಿಜ ಹೇಳಲಿಲ್ಲ.

ಹರಕೆ ತೀರಿಸಲು ಹೋಗೋಣ ಎಂದು ಅಕ್ಕ ಪ್ರತಿ ವರ್ಷ ಹೇಳುವಳು, ನಾನು ಮುಂದೂಡುವೆನು. ಮಗು ಶಾಲೆಗೆ ಹೋಗುವಷ್ಟಾದಾಗ ಅವಳೇ, ದಾರಿ ಗೊತ್ತಿದ್ದವನು ಬೇಕೆಂದು, ಯಲ್ಲಾಪುರದ ಅದೇ ಕಾರನ್ನು ಗೊತ್ತು ಮಾಡಿದಳು. ಅಕ್ಕ, ಅವಳ ಮಗಳು, ಮೊಮ್ಮಗಳು, ನಾನು. ನಾಶಿಕ ಮುಟ್ಟಿ ಒಂದು ಚಹಾದಂಗಡಿಯ ಮುಂದೆ ಇಳಿದೆವು. ಮಗಳು ಮಗುವನ್ನು ಕೈ ತೊಳೆಸಲು ಕರೆದೊಯ್ದಳು.

"ದೇವಸ್ಥಾನಕ್ಕ ಯಾವ ರಸ್ತಾ ಹಿಡೀಲ್ರಿ ಸಾವ್ಕಾರ್ರ?" ಕಾರಿನವನು ಕೇಳಿದ.

"ನಿಂಗೇ ಗೊತ್ತಿದ್ದಲಾ! ನಮ್ಮ ತಮ್ಮನ್ನ ಎಷ್ಟು ಸಲ ಕರ್ಕಂಡು ಬಂದಿದ್ದೆ" ಎಂದಳು ಅಕ್ಕ.

ಅವನು ನನ್ನ ಮುಖ ನೋಡಿದ. ನನಗಾಗಿ ಸುಳ್ಳು ಹೇಳಲು ಅವನಿಗೆ ಮನಸ್ಸಿರಲಿಲ್ಲ. ನನ್ನನ್ನು ಹಿಡಿದುಕೊಡಲೂ ಇರಲಿಲ್ಲ.

"ಅಕ್ಕಾ, ಆನು ಆ ದೇವಸ್ಥಾನ ಕಂಡಿದ್ನಿಲ್ಲೆ."

"ತಮಾಷೆ ಮಾಡಡ." ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಹಂಗಾರೆ ಆ ಕಾಯಿ?"

ಕುಡಿಯುವಾಗ ಒಡೆದು ತಿಂದೆವು ಎಂದೆ. ಪೇಡೆಯ ಸಂಗತಿಯನ್ನೂ ಹೇಳಿದೆ. ಅಕ್ಕ ಚಹಾದ ಲೋಟವನ್ನು ಕೆಳಗಿಟ್ಟಳು. ಬೈಯುತ್ತಾಳೆಂದು ಕಾದೆ. ನಲ್ಲಿಯ ಹತ್ತಿರ ನೀರು ಚಿಮ್ಮಿಸುತ್ತಿದ್ದ ಮಗುವನ್ನೇ ನೋಡುತ್ತ, "ದಿನಾ ದೀಪ ಹಚ್ಚಕಾರೆ ದೇವರ ಜೊತಿಗೆ ನಿನ್ನೂ ನೆನೆಸ್ಕತ್ತಿದ್ದೆ" ಎಂದಳು. ಅಷ್ಟೇ.

ದಾರಿಯನ್ನು ಕಾರಿನವನು ಚಹಾದವನಲ್ಲಿ ವಿಚಾರಿಸಿದ. ದೇವಸ್ಥಾನದ ಸರದಿಯ ಹತ್ತಿರ ಅಕ್ಕ ಮೆಲ್ಲಗೆ, "ನೀ ಒಳಗೆ ಬರಡ" ಎಂದಳು. ಮಗು ನನ್ನ ಬೆರಳು ಹಿಡಿದು ಎಳೆಯಿತು.

"ಅಜ್ಜಾ, ಬಾ!"

"ಅಜ್ಜಂಗೆ ಹುಷಾರಿಲ್ಲೆ ಮಗಾ. ಅಂವ ಎಷ್ಟೋ ಸಲ ನೋಡಿದ್ದ."

ಹೀಗೆ ಹೇಳಿದ್ದು ಅಕ್ಕ. ನನಗೆ ತಿಳಿದಂತೆ ಅವಳು ಆಡಿದ ಮೊದಲ ಸುಳ್ಳು ಅದು. ನನ್ನ ಮುಖ ನೋಡದೆ ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಅಂಗಡಿಯನ್ನು ನಾನು ಬಿಟ್ಟಾಗಿದೆ. ವಾನಳ್ಳಿಗೆ ಹೋದಾಗಲೆಲ್ಲ ಅಕ್ಕ ಊಟ ಬಡಿಸುತ್ತಾಳೆ, ಆರೋಗ್ಯ ಕೇಳುತ್ತಾಳೆ. ಆದರೆ ಹುಡುಗಿ "ಅಜ್ಜಾ, ನನ್ನ ಕಾಯಿ ಕತೆ ಹೇಳು" ಎಂದು ಹತ್ತಿರ ಬಂದರೆ ಅಕ್ಕ ಎದ್ದು ಒಳಗೆ ಹೋಗುತ್ತಾಳೆ. ಮೊದಲೆಲ್ಲ ಆ ಕತೆ ಹೇಳುತ್ತಿದ್ದವಳು ಅಕ್ಕನೇ. ಹುಡುಗಿ ಈಗ ಓದುವಷ್ಟು ದೊಡ್ಡವಳಾಗಿದ್ದಾಳೆ. ಅವಳು ಕೇಳಿದಾಗ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆದೆ.